ಆ್ಯಂಟಿಬಯಾಟಿಕ್ ಕಾಯುವ ಕಿಟಕಿ

ಇಲಿ ಜ್ವರ, ಡೆಂಗಿ, ಮಂಗನ ಕಾಯಿಲೆ ಎಲ್ಲವೂ ಸರದಿಯಲ್ಲಿ ಬರುವ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಆಸ್ಪತ್ರೆಯ ಫಾರ್ಮಸಿಸ್ಟ್ ಬರೀ ಗುಳಿಗೆ ಎಣಿಸಿ ಕೊಡುವವರಾಗಿ ಉಳಿಯಬಾರದು. ಅವರ ಓದು, ಅವರ ಕಣ್ಣು ವಾರ್ಡಿಗೂ ಬೇಕು.

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಜ್ವರಕ್ಕೂ ಋತುಗಳಿವೆ. ಗದ್ದೆಯಲ್ಲಿ ನಾಟಿ, ತೋಟದಲ್ಲಿ ಬಸಿಗಾಲುವೆ ಬಿಡಿಸುವ ಕೆಲಸ ಶುರುವಾಯಿತೆಂದರೆ ಇಲಿ ಜ್ವರದ ಭಯ. ಮಳೆ ಬಿಟ್ಟು ಬಿಟ್ಟು ಸುರಿದು ಹಿತ್ತಿಲಿನ ಡಬ್ಬಿ, ಟೈರುಗಳಲ್ಲಿ ನೀರು ನಿಂತರೆ ಡೆಂಗಿ. ಮಳೆಗಾಲ ಹಿಂದೆ ಸರಿದು ಪೊದೆ ದಟ್ಟವಾದಾಗ ಸ್ಕ್ರಬ್ ಟೈಫಸ್. ಡಿಸೆಂಬರಿನಲ್ಲಿ ದರಕು ತರಲು ಬೆಟ್ಟಕ್ಕೆ ಹೋಗುವ ಹೊತ್ತಿಗೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. ಅದರ ಆತಂಕ ಮೇ ತಿಂಗಳ ತನಕ. ಇವುಗಳ ನಡುವೆ ಶೀತ, ಕೆಮ್ಮು, ಗಂಟಲು ನೋವುಗಳಿಗೆ ಕಾಲದ ಹಂಗಿಲ್ಲ.

ಮೊದಲ ಎರಡು ದಿನ ಈ ಜ್ವರಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಮೈ ಸುಡುತ್ತದೆ, ತಲೆ ಸಿಡಿಯುತ್ತದೆ, ಸೊಂಟ ಮತ್ತು ಮೀನಖಂಡ ನೋಯುತ್ತವೆ. ಆದರೆ ಒಳಗಿನ ಕಾರಣ ಬೇರೆ ಬೇರೆ. ಇಲಿ ಜ್ವರ ಮತ್ತು ಸ್ಕ್ರಬ್ ಟೈಫಸ್ ಬ್ಯಾಕ್ಟೀರಿಯಾದಿಂದ ಬರುವಂಥವು. ಸರಿಯಾದ ಆ್ಯಂಟಿಬಯಾಟಿಕ್ ಸಕಾಲಕ್ಕೆ ಸಿಕ್ಕರೆ ಜೀವ ಉಳಿಯುತ್ತದೆ. ಡೆಂಗಿ ಮತ್ತು ಮಂಗನ ಕಾಯಿಲೆ ವೈರಸ್‌ನಿಂದ ಬರುವಂಥವು. ಅವುಗಳ ಮೇಲೆ ಲೋಕದ ಯಾವ ಆ್ಯಂಟಿಬಯಾಟಿಕ್ಕೂ ಕೆಲಸ ಮಾಡುವುದಿಲ್ಲ. ಸಾಮಾನ್ಯ ಶೀತ, ನೆಗಡಿಯದೂ ಅದೇ ಕಥೆ.

ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೊರಬ ಸಿದ್ದಾಪುರಕ್ಕೆ ತಾಗಿಕೊಂಡೇ ಇದೆ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಈ ರೋಗ ಮತ್ತೆ ಹರಡಿತು, ಜೀವಹಾನಿಯೂ ಆಯಿತು. ಹಳೆಯ ಲಸಿಕೆ ಶಕ್ತಿ ಸಾಲದೆಂದು 2022ರ ನಂತರ ನಿಂತುಹೋಗಿದೆ. ರೋಗಕ್ಕೆ ನೇರ ಔಷಧವಿಲ್ಲದಿದ್ದಾಗ ಜನರೂ, ಒಮ್ಮೊಮ್ಮೆ ವೈದ್ಯರೂ ಕೈಗೆ ಸಿಕ್ಕ ಆ್ಯಂಟಿಬಯಾಟಿಕ್‌ಗೆ ಮೊರೆ ಹೋಗುವುದು ಸಹಜ. ಏನಾದರೂ ಮಾಡಬೇಕೆಂಬ ತಳಮಳ ಅದು. ಆ ತಳಮಳದ ಹೊತ್ತಿನಲ್ಲಿ ಚೀಟಿಯನ್ನು ಕೊನೆಯ ಬಾರಿ ಓದುವವರು, ಗುಳಿಗೆಯನ್ನು ರೋಗಿಯ ಕೈಗಿಡುವವರು ಫಾರ್ಮಸಿಸ್ಟ್. ಊರಿನ ಹಿರಿಯರು ಇಂದಿಗೂ ‘ಕಂಪೌಂಡರ್’ ಎಂದೇ ಕರೆಯುವ ಇವರನ್ನು ನಮ್ಮ ಆರೋಗ್ಯ ವ್ಯವಸ್ಥೆ ಔಷಧಿ ಕಿಟಕಿಯ ಹಿಂದೆ ಕೂರಿಸಿ ಮರೆತಿದೆ.

ಬೇಕಾದದ್ದು ಪವರ್ ಅಲ್ಲ, ಗುರಿ

‘ಇದು ಹಿಡಿಯಲಿಲ್ಲ, ಸ್ವಲ್ಪ ಪವರ್ ಜಾಸ್ತಿ ಇರೋದು ಕೊಡಿ’ ಎಂಬ ಮಾತು ಶಿರಸಿ ಪೇಟೆಯ ಮೆಡಿಕಲ್ ಅಂಗಡಿಯಿಂದ ಹಳ್ಳಿಯ ಆರೋಗ್ಯ ಕೇಂದ್ರದ ತನಕ ಎಲ್ಲ ಕಡೆ ಕೇಳುತ್ತದೆ. ಹೊಸದು, ದುಬಾರಿ, ಇಂಜೆಕ್ಷನ್ ರೂಪದ್ದು ಎಂದರೆ ಬಲವಾದದ್ದು ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯನ್ನು ಸ್ಕ್ರಬ್ ಟೈಫಸ್‌ನಷ್ಟು ಸ್ಪಷ್ಟವಾಗಿ ಸುಳ್ಳಾಗಿಸುವ ಜ್ವರ ಇನ್ನೊಂದಿಲ್ಲ.

ಸ್ಕ್ರಬ್ ಟೈಫಸ್ ತರುವ ಬ್ಯಾಕ್ಟೀರಿಯಾ ಪೊದೆಯಲ್ಲಿರುವ ಸಣ್ಣ ನುಸಿಯ ಮರಿ ಕಚ್ಚುವುದರಿಂದ ಮೈಗೆ ಸೇರುತ್ತದೆ. ಕಚ್ಚಿದ ಜಾಗದಲ್ಲಿ, ಅಂದರೆ ಕಂಕುಳು, ತೊಡೆಸಂದು ಅಥವಾ ಸೊಂಟದ ಸುತ್ತ, ಸುಟ್ಟ ಗಾಯದ ಹಾಗೆ ಕಪ್ಪು ಹಕ್ಕಳೆ ಮೂಡಬಹುದು. ಈ ಜೀವಿ ನಮ್ಮ ಜೀವಕೋಶದ ಒಳಗೇ ಅಡಗಿ ಬೆಳೆಯುತ್ತದೆ. ಹಾಗಾಗಿ ಆಸ್ಪತ್ರೆಗಳಲ್ಲಿ ಜ್ವರಕ್ಕೆಂದು ಧಾರಾಳವಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಅದನ್ನು ಮುಟ್ಟುವುದೇ ಇಲ್ಲ. ಕೆಲವೇ ರೂಪಾಯಿಯ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್ ಅದನ್ನು ಹಿಡಿಯುತ್ತದೆ, ಹಲವರಿಗೆ ಎರಡು ದಿನದೊಳಗೆ ಜ್ವರ ಇಳಿಯುತ್ತದೆ. ಇಲಿ ಜ್ವರದ ಆರಂಭದಲ್ಲೂ ಡಾಕ್ಸಿಸೈಕ್ಲಿನ್ನೇ ಆಸರೆ. ಇಲ್ಲಿ ಬೇಕಾದದ್ದು ಬಲವಾದ ಔಷಧಿಯಲ್ಲ, ಸರಿಯಾದ ಔಷಧಿ.

ಈ ಸೀಮೆಯ ತೋಟಿಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವವರು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಅಳತೆಯನ್ನು ತಪ್ಪುವುದಿಲ್ಲ. ಮಳೆ ಹಿಡಿಯುವ ಮುಂಚೆ ಒಮ್ಮೆ, ಮತ್ತೆ ಹೊಳವಾದಾಗ ಇನ್ನೊಮ್ಮೆ ಎಂಬ ಹೊತ್ತನ್ನೂ ಕಾಯುತ್ತಾರೆ. ಬೇರುಹುಳ ಬಿದ್ದ ತೋಟಕ್ಕೆ ಎಷ್ಟು ಬೋರ್ಡೋ ಹೊಡೆದರೂ ಹುಳ ಸಾಯುವುದಿಲ್ಲ ಎಂಬುದು ಅವರಿಗೆ ಗೊತ್ತು. ಯಾವ ರೋಗಕ್ಕೆ ಯಾವುದು, ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂಬ ಅದೇ ವಿವೇಕವನ್ನು ನಾವು ನಮ್ಮ ಮೈಗೆ ಹಾಕುವ ಔಷಧಿಗೂ ಅನ್ವಯಿಸಬೇಕಿದೆ.

ನಷ್ಟದ ಲೆಕ್ಕ

ಅಗತ್ಯವಿಲ್ಲದೆ ನುಂಗಿದ ಆ್ಯಂಟಿಬಯಾಟಿಕ್ ಸುಮ್ಮನೆ ವ್ಯರ್ಥವಾಗುವುದಿಲ್ಲ. ಕರುಳಿನಲ್ಲಿ, ಗಂಟಲಿನಲ್ಲಿ, ಚರ್ಮದ ಮೇಲೆ ಇರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಅದಕ್ಕೆ ಬಗ್ಗುವಂಥವು ಸಾಯುತ್ತವೆ. ಬಗ್ಗದವು ಉಳಿದು ಹೆಚ್ಚುತ್ತವೆ. ತಮ್ಮ ನಿರೋಧಕ ಗುಣವನ್ನು ಪಕ್ಕದ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ನಾಳೆ ಅದೇ ವ್ಯಕ್ತಿಗೆ, ಇಲ್ಲವೇ ಅದೇ ಮನೆಯ ಎಳೆಗೂಸಿಗೆ ನಿಜವಾದ ಸೋಂಕು ಬಂದಾಗ ಔಷಧಿ ನಾಟುವುದಿಲ್ಲ.

2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಮಂದಿ ಎಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಭಾರತದಲ್ಲಿ ಆ ಸಂಖ್ಯೆ ಸುಮಾರು 3 ಲಕ್ಷ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2021–22ರಲ್ಲಿ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ ಸಮೀಕ್ಷೆ ನಡೆಸಿದಾಗ ಒಳರೋಗಿಗಳಲ್ಲಿ ಶೇ 71.9ರಷ್ಟು ಮಂದಿ ಯಾವುದಾದರೊಂದು ಆ್ಯಂಟಿಬಯಾಟಿಕ್ ಪಡೆಯುತ್ತಿದ್ದರು. ಬರೆದ ಆ್ಯಂಟಿಬಯಾಟಿಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೋಂಕು ಇದ್ದದ್ದಕ್ಕಲ್ಲ, ಬಾರದಿರಲಿ ಎಂಬ ಮುಂಜಾಗ್ರತೆಗೆ. ರೋಗಾಣು ಯಾವುದೆಂದು ಖಚಿತಪಡಿಸಿಕೊಂಡು ಕೊಟ್ಟದ್ದು ಶೇ 6ರ ಆಸುಪಾಸು ಮಾತ್ರ.

ಅವೆಲ್ಲ ವೈದ್ಯಕೀಯ ಕಾಲೇಜುಗಳಿರುವ, ಪ್ರಯೋಗಾಲಯಗಳಿರುವ ಆಸ್ಪತ್ರೆಗಳು. ಅಲ್ಲೇ ಹೀಗಿರುವಾಗ ರೋಗಾಣು ಗುರುತಿಸುವ ಕಲ್ಚರ್ ಪರೀಕ್ಷೆಗೆ ಮಾದರಿಯನ್ನು ಕಾರವಾರಕ್ಕೋ ಹುಬ್ಬಳ್ಳಿಗೋ ಕಳಿಸಬೇಕಾಗಿ ಬರುವ ಕಡೆ ವೈದ್ಯರು ಊಹೆಯ ಮೇಲೆಯೇ ಔಷಧಿ ಬರೆಯಬೇಕಾಗುತ್ತದೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಕಾರವಾರ ಇನ್ನೂ ದೂರ, ನಡುವೆ ಘಟ್ಟ ಇಳಿಯಬೇಕು. ಪರೀಕ್ಷೆಯ ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಅಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾರೆ, ಇಲ್ಲವೇ ಸ್ಥಿತಿ ಕೈಮೀರಿರುತ್ತದೆ. ಇಂಥ ಕಡೆ ಚೀಟಿಯನ್ನು ಇನ್ನೊಮ್ಮೆ ತೂಗಿ ನೋಡುವ ಎರಡನೇ ಜೋಡಿ ಕಣ್ಣು ಐಷಾರಾಮವಲ್ಲ, ಅಗತ್ಯ.

ಮೈಸೂರಿನಲ್ಲಿ ತೆರೆದ ದಾರಿ

ಆ ಎರಡನೇ ಜೋಡಿ ಕಣ್ಣನ್ನು ವಾರ್ಡಿಗೆ ಕರೆದೊಯ್ದ ಹಿರಿಮೆ ಕರ್ನಾಟಕಕ್ಕೇ ಸಲ್ಲುತ್ತದೆ. 1990ರ ದಶಕದ ನಡುವಿನಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಆಸ್ಟ್ರೇಲಿಯಾದ ಪರಿಣತರ ನೆರವಿನಿಂದ ‘ಫಾರ್ಮಸಿ ಪ್ರಾಕ್ಟೀಸ್’ ಎಂಬ ಸ್ನಾತಕೋತ್ತರ ಪದವಿ ಆರಂಭಿಸಿತು. ಆವರೆಗೆ ನಮ್ಮಲ್ಲಿ ಫಾರ್ಮಸಿ ಓದು ಎಂದರೆ ಬಹುಪಾಲು ಕಾರ್ಖಾನೆಯ ಓದು: ಗುಳಿಗೆ ತಯಾರಿಕೆ, ಗುಣಮಟ್ಟದ ಪರೀಕ್ಷೆ. ಮೈಸೂರಿನ ವಿದ್ಯಾರ್ಥಿಗಳು ಜೆಎಸ್‌ಎಸ್ ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರ ಜೊತೆ ರೋಗಿಯ ಹಾಸಿಗೆಯ ಪಕ್ಕ ನಿಂತರು. ಔಷಧದ ಅಡ್ಡಪರಿಣಾಮ ದಾಖಲಿಸಿದರು, ಡೋಸ್ ಲೆಕ್ಕ ಹಾಕಿದರು, ಬಿಡುಗಡೆಯಾಗುವ ರೋಗಿಗೆ ಔಷಧಿ ತೆಗೆದುಕೊಳ್ಳುವ ಕ್ರಮ ಹೇಳಿಕೊಟ್ಟರು. ಮುಂದೆ 2008ರಲ್ಲಿ ದೇಶದಾದ್ಯಂತ ಆರು ವರ್ಷಗಳ ಫಾರ್ಮ್-ಡಿ ಪದವಿ ಬಂತು. ಕೊನೆಯ ಒಂದು ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ತರಬೇತಿ. 2015ರ ಫಾರ್ಮಸಿ ವೃತ್ತಿ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನೂ, ಚೀಟಿಯನ್ನು ಪರಿಶೀಲಿಸುವುದನ್ನೂ ಫಾರ್ಮಸಿಸ್ಟ್‌ನ ಕರ್ತವ್ಯವೆಂದೇ ಹೇಳಿದವು.

ದೊಡ್ಡ ಬೋಧನಾ ಆಸ್ಪತ್ರೆಗಳಿಗೆ ಇದು ಸರಿ, ತಾಲ್ಲೂಕು ಆಸ್ಪತ್ರೆಗಳಿಗೆ ಆದೀತೇ ಎಂದು ಕೇಳುವವರಿದ್ದಾರೆ. ಉತ್ತರ ದಕ್ಷಿಣ ಆಫ್ರಿಕಾದಲ್ಲಿದೆ. ಅಲ್ಲಿನ 47 ಖಾಸಗಿ ಆಸ್ಪತ್ರೆಗಳಲ್ಲಿ ಸೋಂಕುರೋಗಗಳ ವಿಶೇಷ ತರಬೇತಿ ಇಲ್ಲದ ಸಾಮಾನ್ಯ ಫಾರ್ಮಸಿಸ್ಟ್‌ಗಳೇ ಒಳರೋಗಿಗಳ ಆ್ಯಂಟಿಬಯಾಟಿಕ್ ಚೀಟಿಗಳನ್ನು ಪರಿಶೀಲಿಸತೊಡಗಿದರು. ಅವರು ಕೇಳಿದ್ದು ಸರಳ ಪ್ರಶ್ನೆಗಳನ್ನು. ಔಷಧಿ ಏಳು ದಿನ ಮೀರಿತೇ? ಹದಿನಾಲ್ಕು ಮೀರಿತೇ? ಒಂದೇ ಕೆಲಸಕ್ಕೆ ಎರಡು ಔಷಧಿ ಇವೆಯೇ? ನಾಲ್ಕಕ್ಕಿಂತ ಹೆಚ್ಚು ಒಟ್ಟಿಗೆ ಕೊಡಲಾಗುತ್ತಿದೆಯೇ? ಮೊದಲ ಡೋಸ್‌ಗೆ ಮುಂಚೆ ಕಲ್ಚರ್‌ಗೆ ಮಾದರಿ ತೆಗೆದರೇ? ಇಷ್ಟರಿಂದಲೇ ಆ ಆಸ್ಪತ್ರೆಗಳ ಆ್ಯಂಟಿಬಯಾಟಿಕ್ ಬಳಕೆ ಸುಮಾರು ಶೇ 18ರಷ್ಟು ಇಳಿಯಿತು. 2016ರಲ್ಲಿ ಪ್ರಕಟವಾದ ಈ ಅಧ್ಯಯನ ನಮ್ಮಂಥ ಕಡೆಗೇ ಬರೆದಂತಿದೆ. ವಿಶೇಷ ತಜ್ಞರು ಬರುವ ತನಕ ಕಾಯಬೇಕಿಲ್ಲ, ಇರುವವರಿಗೆ ಅಧಿಕಾರ ಮತ್ತು ಸಮಯ ಕೊಟ್ಟರೆ ಸಾಕು.

ಬಳಕೆ ಇಳಿಸಿದರೆ ರೋಗಿಗೆ ಅಪಾಯವಾಗದೇ ಎಂಬ ಆತಂಕಕ್ಕೂ ಉತ್ತರವಿದೆ. 221 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಇಂಥ ಮೇಲ್ವಿಚಾರಣೆಯಿಂದ ಆ್ಯಂಟಿಬಯಾಟಿಕ್ ಕೊಡುವ ಅವಧಿ ಸರಾಸರಿ ಎರಡು ದಿನದಷ್ಟು ಕಡಿಮೆಯಾಯಿತು, ಸಾವಿನ ಪ್ರಮಾಣ ಹೆಚ್ಚಲಿಲ್ಲ.

ವಾರ್ಡಿನಲ್ಲಿ ಏನು ಕೆಲಸ?

ಎಪ್ಪತ್ತು ವರ್ಷದ, 50 ಕಿಲೋ ತೂಕದ ಹಿರಿಯರೊಬ್ಬರು ನ್ಯುಮೋನಿಯಾ ಎಂದು ದಾಖಲಾಗಿದ್ದಾರೆ ಎಂದುಕೊಳ್ಳೋಣ. ರಕ್ತದ ಕ್ರಿಯಾಟಿನಿನ್ 1.8. ಚೀಟಿಯಲ್ಲಿ ಲಿವೊಫ್ಲೋಕ್ಸಾಸಿನ್ 750 ಮಿಲಿಗ್ರಾಂ, ದಿನಕ್ಕೊಂದು. ಫಾರ್ಮಸಿಸ್ಟ್ ಮಾಡುವ ಲೆಕ್ಕ ಹೀಗೆ: 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ, ಅದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಬರುವ ಉತ್ತರ 27. ಅಂದರೆ ಈ ಹಿರಿಯರ ಮೂತ್ರಪಿಂಡ ನಿಮಿಷಕ್ಕೆ 27 ಮಿಲಿಲೀಟರ್ ರಕ್ತದ್ರವವನ್ನಷ್ಟೇ ಶುದ್ಧಗೊಳಿಸಬಲ್ಲದು. ಆರೋಗ್ಯವಂತ ಯುವಕರಲ್ಲಿ ಅದು 100ರ ಆಸುಪಾಸು. ಈ ಸ್ಥಿತಿಯಲ್ಲಿ ಅದೇ ಗುಳಿಗೆಯನ್ನು ದಿನ ಬಿಟ್ಟು ದಿನ ಕೊಡಬೇಕು. ದಿನವೂ ಕೊಟ್ಟರೆ ಔಷಧಿ ಮೈಯಲ್ಲಿ ಶೇಖರವಾಗಿ ಗೊಂದಲ, ಸ್ನಾಯುರಜ್ಜು ನೋವು, ಹೃದಯದ ಲಯದ ಏರುಪೇರು ಕಾಣಿಸಬಹುದು. ನೂರಾರು ಹೊರರೋಗಿಗಳನ್ನು ನೋಡಿ ವಾರ್ಡಿಗೆ ಬರುವ ವೈದ್ಯರಿಗೆ ಈ ಲೆಕ್ಕಕ್ಕೆ ಬಿಡುವಿಲ್ಲದಿರಬಹುದು. ಔಷಧವನ್ನೇ ಓದಿದವರಿಗೆ ಅದು ಎರಡು ನಿಮಿಷದ ಕೆಲಸ.

ಇನ್ನೊಂದು ಕೆಲಸ ಇಂಜೆಕ್ಷನ್ನಿನಿಂದ ಗುಳಿಗೆಗೆ ಬದಲಾಯಿಸುವುದು. ಲಿವೊಫ್ಲೋಕ್ಸಾಸಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್, ಲಿನೆಜೋಲಿಡ್ ಇವು ಬಾಯಿಯ ಮೂಲಕ ಕೊಟ್ಟರೂ ಬಹುತೇಕ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತವೆ. ರೋಗಿ ಊಟ ಮಾಡುತ್ತಿದ್ದು ಜ್ವರ ಇಳಿದಿದ್ದರೆ ಡ್ರಿಪ್ ಮುಂದುವರಿಸುವ ಕಾರಣವಿಲ್ಲ. ಸೂಜಿ ಇದ್ದಷ್ಟು ದಿನ ಆ ಜಾಗದಲ್ಲೇ ಹೊಸ ಸೋಂಕಿನ ಅಪಾಯ. ಗುಳಿಗೆಗೆ ಬದಲಾದರೆ ಹಾಸಿಗೆ ಬೇಗ ಖಾಲಿಯಾಗುತ್ತದೆ, ಯಲ್ಲಾಪುರದ ಕಾಡಂಚಿನ ಗೌಳಿ ದೊಡ್ಡಿಯಿಂದಲೋ ಸಿದ್ದಿ ಕೇರಿಯಿಂದಲೋ ಬಂದವರಿಗೆ ಒಂದೆರಡು ದಿನದ ಕೂಲಿ ಉಳಿಯುತ್ತದೆ.

ಹೆರಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಕೊಯ್ಯುವ ಮುನ್ನ ಒಂದು ತಾಸಿನೊಳಗೆ ಕೊಟ್ಟ ಒಂದು ಡೋಸ್ ಸೆಫಜೋಲಿನ್ ಸಾಮಾನ್ಯವಾಗಿ ಸಾಕು. ಆದರೂ ಬಾಣಂತಿಗೆ ಐದಾರು ದಿನ ಇಂಜೆಕ್ಷನ್, ಮನೆಗೆ ಹೋಗುವಾಗ ಮತ್ತೆ ಒಂದು ಪಟ್ಟಿ ಗುಳಿಗೆ ಎಂಬ ರೂಢಿ ದೇಶದ ಬಹಳ ಆಸ್ಪತ್ರೆಗಳಲ್ಲಿ ಉಳಿದಿದೆ. ಗಾಯ ಕೀವಾಗದಂತೆ ಕಾಪಾಡುವುದು ಆ ಹೆಚ್ಚುವರಿ ದಿನಗಳಲ್ಲ. ಸರಿಯಾದ ಹೊತ್ತಿಗೆ ಸಿಕ್ಕ ಮೊದಲ ಡೋಸ್, ಶುಚಿಯಾದ ಕೈ, ಶುಚಿಯಾದ ಉಪಕರಣ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಆ ಒಂದು ಡೋಸ್ ಸದಾ ಸಿದ್ಧವಿರುವಂತೆ ನೋಡಿಕೊಳ್ಳುವುದೂ ಫಾರ್ಮಸಿಸ್ಟ್‌ನ ಜವಾಬ್ದಾರಿಯಾಗಬೇಕು.

ಸರಿಯಾದ ಬಳಕೆ ಎಂದರೆ ಬರೀ ಕಡಿಮೆ ಬಳಕೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅರಬೈಲ್ ಘಟ್ಟದಲ್ಲಿ ಲಾರಿ ಉರುಳಿ ಮೂಳೆ ಹೊರಬಂದ ಗಾಯದೊಂದಿಗೆ ಯಲ್ಲಾಪುರಕ್ಕೆ ಬಂದವರಿಗೆ ಮೊದಲ ಡೋಸ್ ಆದಷ್ಟು ಬೇಗ ಬೀಳಬೇಕು. ಸೋಂಕು ರಕ್ತಕ್ಕೇರಿ ರಕ್ತದೊತ್ತಡ ಕುಸಿದವರಿಗೆ ಒಂದು ತಾಸಿನೊಳಗೆ ಆ್ಯಂಟಿಬಯಾಟಿಕ್ ಸಿಗಬೇಕು. ತಡವಾದಷ್ಟೂ ಸಾವು ಹತ್ತಿರ. ರಾತ್ರಿ ಎರಡು ಗಂಟೆಗೆ ಔಷಧ ಉಗ್ರಾಣದ ಬೀಗದ ಕೈ ಹುಡುಕುವಂತಾಗಬಾರದು. ತುರ್ತು ವಿಭಾಗದಲ್ಲಿ ಯಾವ ಆ್ಯಂಟಿಬಯಾಟಿಕ್ ಎಷ್ಟು ಇರಬೇಕೆಂದು ಮೊದಲೇ ಗೊತ್ತುಮಾಡಿ ಇಡುವವರಿರಬೇಕು.

ಅಲರ್ಜಿಯ ವಿಚಾರವೂ ಇದೆ. ಅಮೆರಿಕದಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ ಪೆನಿಸಿಲಿನ್ ಅಲರ್ಜಿ ಎಂದಿರುತ್ತದೆ. ಪರೀಕ್ಷೆ ಮಾಡಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅಲರ್ಜಿ ಇರುವುದೇ ಇಲ್ಲ. ಚಿಕ್ಕಂದಿನಲ್ಲಿ ಒಮ್ಮೆ ವಾಂತಿಯಾದದ್ದನ್ನೋ ಜ್ವರದ ದದ್ದನ್ನೋ ಅಲರ್ಜಿ ಎಂದು ಬರೆದುಬಿಟ್ಟರೆ ಆ ವ್ಯಕ್ತಿಗೆ ಜೀವನಪೂರ್ತಿ ಬೇರೆ, ವಿಶಾಲ ವ್ಯಾಪ್ತಿಯ ಔಷಧಿ. ನಿಧಾನವಾಗಿ ಕೂತು ಏನಾಗಿತ್ತು, ಎಷ್ಟು ಹೊತ್ತಿಗಾಯಿತು, ಉಸಿರು ಕಟ್ಟಿತ್ತೇ ಎಂದು ಕೇಳಿ ಬರೆದಿಡುವುದು ಫಾರ್ಮಸಿಸ್ಟ್ ಚೆನ್ನಾಗಿ ಮಾಡಬಲ್ಲ ಕೆಲಸ.

ಸ್ಟಾಕ್ ಪುಸ್ತಕವೇ ಕನ್ನಡಿ

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿತು. ಮೊದಲ ಆಯ್ಕೆಗೆ ಯೋಗ್ಯವಾದವು ಒಂದು ಗುಂಪು: ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಜೆಂಟಾಮೈಸಿನ್, ನೈಟ್ರೋಫ್ಯುರಾಂಟೊಯಿನ್ ಮೊದಲಾದವು. ಎಚ್ಚರಿಕೆಯಿಂದ ಬಳಸಬೇಕಾದವು ಎರಡನೆಯದು: ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸಿಪ್ರೋಫ್ಲೋಕ್ಸಾಸಿನ್, ಮೆರೊಪೆನೆಮ್. ಬೇರೇನೂ ಉಳಿಯದಿದ್ದಾಗಲಷ್ಟೇ ಮುಟ್ಟಬೇಕಾದ ಕಾಪಿಟ್ಟ ಔಷಧಿಗಳು ಮೂರನೆಯದು: ಕೊಲಿಸ್ಟಿನ್, ಲಿನೆಜೋಲಿಡ್‌ನಂಥವು. 2030ರ ಹೊತ್ತಿಗೆ ಜಗತ್ತಿನ ಒಟ್ಟು ಬಳಕೆಯಲ್ಲಿ ಕನಿಷ್ಠ ಶೇ 70 ಮೊದಲ ಗುಂಪಿನದಾಗಬೇಕೆಂದು 2024ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಗುರಿ ಇಟ್ಟಿತು. ಮೊದಲು ಹೇಳಿದ ನಮ್ಮ 20 ಆಸ್ಪತ್ರೆಗಳ ಸಮೀಕ್ಷೆಯಲ್ಲಿ ಮೊದಲ ಗುಂಪಿನ ಪಾಲು ಶೇ 38 ಮಾತ್ರ. ಎಚ್ಚರಿಕೆಯ ಗುಂಪಿನದೇ ಶೇ 57.

ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಾಗಲಿ, ಸಿದ್ದಾಪುರ, ಯಲ್ಲಾಪುರಗಳ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ ಈ ಪಾಲು ಎಷ್ಟೆಂದು ತಿಳಿಯಲು ಹೊಸ ಸಮೀಕ್ಷೆ ಬೇಕಿಲ್ಲ. ಔಷಧ ಉಗ್ರಾಣದ ಸ್ಟಾಕ್ ಪುಸ್ತಕದಲ್ಲೇ ಅದು ಇದೆ. ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಔಷಧಕ್ಕೂ ದಿನದ ಒಂದು ಪ್ರಮಾಣಿತ ಅಳತೆ ಗೊತ್ತುಮಾಡಿದೆ. ಅಮಾಕ್ಸಿಸಿಲಿನ್‌ಗೆ 1.5 ಗ್ರಾಂ, ಸೆಫ್ಟ್ರಿಯಾಕ್ಸೋನ್‌ಗೆ 2 ಗ್ರಾಂ. ತಿಂಗಳಲ್ಲಿ 500 ಮಿಲಿಗ್ರಾಂನ 300 ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಖರ್ಚಾಗಿದ್ದರೆ ಅದು 100 ದಿನದ ಅಳತೆ. 1 ಗ್ರಾಂನ 300 ಸೆಫ್ಟ್ರಿಯಾಕ್ಸೋನ್ ವಯಲ್ ಖರ್ಚಾಗಿದ್ದರೆ ಅದು 150. ಹೀಗೆ ಕೂಡಿಸಿ ಮೂರು ಗುಂಪಿನ ಪಾಲನ್ನು ಒಂದೇ ಹಾಳೆಯಲ್ಲಿ ಬರೆದು ತಿಂಗಳಿಗೊಮ್ಮೆ ವೈದ್ಯರ ಸಭೆಯ ಮುಂದಿಟ್ಟರೆ ಯಾರ ಮೇಲೂ ಬೆರಳು ತೋರಿಸದೆ ರೂಢಿ ಬದಲಾಗತೊಡಗುತ್ತದೆ.

ತಪ್ಪು ಔಷಧಿಗೆ ಕೆಲವೊಮ್ಮೆ ಕಾರಣ ವೈದ್ಯರ ನಿರ್ಧಾರವಲ್ಲ, ಖಾಲಿ ಕಪಾಟು. ಅಮಾಕ್ಸಿಸಿಲಿನ್ ಇಲ್ಲದಿದ್ದರೆ ಸೆಫಿಕ್ಸಿಮ್ ಬರೆಯಲೇಬೇಕಾಗುತ್ತದೆ. ಮಳೆಗಾಲಕ್ಕೆ ಮುಂಚೆ ಡಾಕ್ಸಿಸೈಕ್ಲಿನ್, ಹೃದಯದ ಕವಾಟಕ್ಕೆ ಸಂಧಿವಾತದ ಜ್ವರ ತಗುಲಿದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಬೇಕಾಗುವ ಬೆಂಜಥಿನ್ ಪೆನಿಸಿಲಿನ್, ಇವುಗಳ ಇಂಡೆಂಟ್ ಸಕಾಲಕ್ಕೆ ಹೋಗಬೇಕು. ಇಲ್ಲಿನ ಜ್ವರಗಳ ಋತು ತಿಳಿದ ಫಾರ್ಮಸಿಸ್ಟ್ ಮೇ ತಿಂಗಳಲ್ಲೇ ಜುಲೈಯನ್ನು ನೋಡಬಲ್ಲರು.

ಕಿಟಕಿಯಲ್ಲಿ ಎರಡು ನಿಮಿಷ

ವಾರ್ಡಿನ ಕೆಲಸ ಎಷ್ಟು ಮುಖ್ಯವೋ ಕಿಟಕಿಯ ಮಾತೂ ಅಷ್ಟೇ ಮುಖ್ಯ. ‘ತಮಾ, ಇದ್ನ ಹಾಲಿನ ಸಂತಿಗೆ ತಗಂಡ್ರೆ ಅಡ್ಡಿಲ್ಯಾ?’ ಎಂದು ಅಜ್ಜಿಯೊಬ್ಬರು ಕೇಳಿದರೆ ಹಿಂದಿನ ಸಾಲು ಎಷ್ಟೇ ಉದ್ದವಿರಲಿ, ಅದಕ್ಕೆ ಉತ್ತರ ಸಿಗಬೇಕು. ಡಾಕ್ಸಿಸೈಕ್ಲಿನ್, ಸಿಪ್ರೋಫ್ಲೋಕ್ಸಾಸಿನ್‌ಗಳನ್ನು ಹಾಲು, ಕಬ್ಬಿಣಾಂಶದ ಗುಳಿಗೆ, ಗ್ಯಾಸಿನ ಔಷಧಿಗಳ ಜೊತೆ ತೆಗೆದುಕೊಂಡರೆ ಅವು ಹೊಟ್ಟೆಯಲ್ಲೇ ಕಟ್ಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಡಾಕ್ಸಿಸೈಕ್ಲಿನ್ ನುಂಗಿದ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ದೊಡ್ಡ ಲೋಟ ನೀರು ಕುಡಿದು ಅರ್ಧ ತಾಸಾದರೂ ಕೂತಿರಬೇಕು. ತೋಟ, ಗದ್ದೆಯಲ್ಲಿ ಬಿಸಿಲಿಗೆ ದುಡಿಯುವವರಿಗೆ ಆ ದಿನಗಳಲ್ಲಿ ಚರ್ಮ ಬೇಗ ಸುಡುತ್ತದೆ ಎಂದೂ ಹೇಳಬೇಕು.

ಮಲೆನಾಡಿನ ಮಳೆಗಾಲಕ್ಕೆ ಅದರದೇ ಎಚ್ಚರಿಕೆಗಳಿವೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಗುಳಿಗೆ ತೇವವನ್ನು ತಡೆಯುವುದಿಲ್ಲ. ಪಟ್ಟಿಯಿಂದ ಬಿಡಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರೆ, ಅಡುಗೆಮನೆಯ ಗೂಡಿನಲ್ಲಿ ಇಟ್ಟರೆ ನಾಲ್ಕೇ ದಿನದಲ್ಲಿ ಸತ್ವ ಕಳೆದುಕೊಳ್ಳಬಹುದು. ಮಕ್ಕಳ ಸಿರಪ್ ಪುಡಿಯಾಗಿ ಬಂದಿದ್ದರೆ ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯ ತನಕವಷ್ಟೇ ಹಾಕಬೇಕು, ಪ್ರತಿ ಸಲ ಅಲ್ಲಾಡಿಸಬೇಕು, ಅಡುಗೆಯ ಚಮಚದ ಬದಲು ಅಳತೆಯ ಮುಚ್ಚಳ ಬಳಸಬೇಕು, ಬಾಟಲಿಯ ಮೇಲೆ ಬರೆದಷ್ಟು ದಿನದ ನಂತರ ಎಸೆಯಬೇಕು. ಕೆಲವು ಸಿರಪ್‌ಗಳನ್ನು ಫ್ರಿಜ್‌ನಲ್ಲೇ ಇಡಬೇಕು. ಮನೆಯಲ್ಲಿ ಫ್ರಿಜ್ ಇದೆಯೇ, ಮಳೆಗಾಲದಲ್ಲಿ ಕರೆಂಟ್ ಇರುತ್ತದೆಯೇ ಎಂದು ಕೇಳಿ ವೈದ್ಯರ ಒಪ್ಪಿಗೆಯಿಂದ ಬೇರೆ ರೂಪದ ಔಷಧಿ ಕೊಡಿಸುವುದು ನಿಜವಾದ ಫಾರ್ಮಸಿ ಸೇವೆ. ಔಷಧಿಯಿಂದ ತೊಂದರೆಯಾದರೆ 1800-180-3024 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಯಾರು ಬೇಕಾದರೂ ತಿಳಿಸಬಹುದು ಎಂಬುದನ್ನೂ ಆ ಕಿಟಕಿಯೇ ಹೇಳಬೇಕು.

ಕೆಂಪು ಗೆರೆ ಮತ್ತು ಕೇರಳದ ನೀಲಿ ಕವರು

ಕಾನೂನಿಗೆ ಕೊರತೆಯಿಲ್ಲ. ಆ್ಯಂಟಿಬಯಾಟಿಕ್‌ಗಳು ಚೀಟಿ ಇಲ್ಲದೆ ಮಾರಬಾರದ ‘ಶೆಡ್ಯೂಲ್ ಎಚ್’ ಔಷಧಿಗಳು. 2014ರ ಮಾರ್ಚಿನಿಂದ ‘ಎಚ್ 1’ ಎಂಬ ಇನ್ನೂ ಬಿಗಿಯಾದ ಪಟ್ಟಿ ಜಾರಿಯಲ್ಲಿದೆ. ಆರಂಭದಲ್ಲಿ ಅದರಲ್ಲಿದ್ದ 46 ಔಷಧಿಗಳಲ್ಲಿ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್, ಕ್ಷಯದ ಔಷಧಿಗಳು ಸೇರಿದ್ದವು. ಇವನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2016ರಲ್ಲಿ ಗುಳಿಗೆ ಪಟ್ಟಿಯ ಬೆನ್ನ ಮೇಲಿನ ಕೆಂಪು ಗೆರೆ ಎಂದರೆ ಚೀಟಿ ಇಲ್ಲದೆ ಕೊಳ್ಳಬಾರದೆಂದು ಅರ್ಥ ಎಂದು ಜನರಿಗೆ ತಿಳಿಸುವ ಆಂದೋಲನ ನಡೆಯಿತು. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಆ್ಯಂಟಿಬಯಾಟಿಕ್ ಬರೆಯುವಾಗ ಕಾರಣವನ್ನೂ ಬರೆಯಿರಿ ಎಂದು ವೈದ್ಯರಿಗೂ, ಚೀಟಿ ಇಲ್ಲದೆ ಕೊಡಬೇಡಿ ಎಂದು ಔಷಧ ವ್ಯಾಪಾರಿಗಳಿಗೂ ಪತ್ರ ಬರೆದರು.

ಕಾಗದದ ಮಾತನ್ನು ನೆಲಕ್ಕಿಳಿಸಿದ್ದು ನೆರೆಯ ಕೇರಳ. 2018ರಲ್ಲಿ ಔಷಧ ನಿರೋಧಕತೆಯ ವಿರುದ್ಧ ತನ್ನದೇ ಕ್ರಿಯಾಯೋಜನೆ ರೂಪಿಸಿದ ಆ ರಾಜ್ಯ, 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಚೀಟಿ ಇಲ್ಲದ ಮಾರಾಟದ ಮೇಲೆ ಅನಿರೀಕ್ಷಿತ ತಪಾಸಣೆ ಶುರುಮಾಡಿತು. ಆ್ಯಂಟಿಬಯಾಟಿಕ್‌ಗಳನ್ನು ಎಚ್ಚರಿಕೆಯ ಮಾತು ಮುದ್ರಿಸಿದ ನೀಲಿ ಕವರಿನಲ್ಲಿ ಕೊಡುವ ಪದ್ಧತಿ ತಂದಿತು. ಹಾಗೆ ಕೊಟ್ಟದ್ದು ಬೇರೆ ಗುಳಿಗೆಗಳ ಹಾಗಲ್ಲ, ಮಿಗಿಸಿ ಇಟ್ಟುಕೊಳ್ಳುವಂಥದ್ದಲ್ಲ, ಇನ್ನೊಬ್ಬರಿಗೆ ಕೊಡುವಂಥದ್ದಲ್ಲ ಎಂಬುದು ಓದು ಬಾರದವರಿಗೂ ಬಣ್ಣದಿಂದಲೇ ತಿಳಿಯುತ್ತದೆ. ಗಡಿಯಾಚೆಯ ಕಾಸರಗೋಡಿನ ಕನ್ನಡಿಗರಿಗೆ ಅನ್ವಯವಾಗುವ ಈ ವ್ಯವಸ್ಥೆ ಈಚೆಯ ನಮಗೂ ಆಗಬಾರದೇಕೆ?

ಇಲ್ಲಿ ಆಗಬೇಕಾದದ್ದು

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು, ನ್ಯಾಯವಾದದ್ದು. ಆದರೆ ಆ ಕಟ್ಟಡ ಏಳುವ ತನಕ ಕಾಯಬೇಕಿಲ್ಲದ ಕೆಲಸ ಇದು. ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್‌ಗಳ ಖಾಲಿ ಹುದ್ದೆ ತುಂಬಿ, ಅವರಲ್ಲಿ ಒಬ್ಬರಿಗಾದರೂ ದಿನಕ್ಕೊಂದು ತಾಸು ವಾರ್ಡಿನ ಸುತ್ತಿಗೆ ಬಿಡುವು ಕೊಡಿ. ಪ್ರತಿ ಆ್ಯಂಟಿಬಯಾಟಿಕ್‌ನ ಎದುರು ಕಾರಣ ಮತ್ತು ನಿಲ್ಲಿಸುವ ದಿನಾಂಕ ಬರೆಯುವುದನ್ನು ಕಡ್ಡಾಯ ಮಾಡಿ. ಮೂರನೇ ದಿನ ಅದನ್ನು ಮುಂದುವರಿಸಬೇಕೇ ಎಂದು ಕೇಳುವ ಅಧಿಕಾರವನ್ನು ಫಾರ್ಮಸಿಸ್ಟ್‌ಗೆ ಲಿಖಿತವಾಗಿ ಕೊಡಿ. ಅಂತಿಮ ನಿರ್ಧಾರ ವೈದ್ಯರದೇ, ಆದರೆ ಪ್ರಶ್ನೆಗೆ ಗೌರವ ಇರಲಿ. ಕಲ್ಚರ್ ಮಾದರಿಗಳನ್ನು ವಾರಕ್ಕೆ ನಿಗದಿತ ದಿನಗಳಲ್ಲಿ ಒಟ್ಟಿಗೆ ಸಾಗಿಸುವ ವ್ಯವಸ್ಥೆ ಮಾಡಿ. ಸಂದೇಹ ಬಂದಾಗ ಕಾರವಾರ, ಹುಬ್ಬಳ್ಳಿ, ಮಣಿಪಾಲ, ಮೈಸೂರಿನ ಪರಿಣತರಿಗೆ ಫೋನ್ ಮಾಡುವ ಸಂಪರ್ಕ ಕಟ್ಟಿಕೊಡಿ. ಶಿರಸಿಯ ಟಿಎಸ್‌ಎಸ್ ಆಸ್ಪತ್ರೆಯೂ ಸೇರಿದಂತೆ ಖಾಸಗಿ, ಸಹಕಾರಿ ಆಸ್ಪತ್ರೆಗಳೂ ಇದರಲ್ಲಿ ಕೈಜೋಡಿಸಲಿ.

ಈ ಸೀಮೆಗೆ ಇನ್ನೊಂದು ಬಲವಿದೆ, ಅದು ಸಹಕಾರ. 1923ರಲ್ಲಿ ಹುಟ್ಟಿದ ತೋಟಗಾರರ ಸಂಘದಿಂದ ಹಳ್ಳಿಯ ಹಾಲಿನ ಡೇರಿಯ ತನಕ ಜನ ಒಟ್ಟಿಗೆ ಕೂತು ಮಾತಾಡುವ ಜಾಗಗಳಿವೆ. ಸಂಘದ ವಾರ್ಷಿಕ ಸಭೆಯಲ್ಲಿ ಅಡಿಕೆ ಧಾರಣೆಯ ಜೊತೆ ಹತ್ತು ನಿಮಿಷ ಫಾರ್ಮಸಿಸ್ಟ್ ಒಬ್ಬರು ಮಾತಾಡಲಿ. ಡೇರಿಯಲ್ಲಿ ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡಿಸಿದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಹಾಕಬಾರದೆಂಬ ನಿಯಮವನ್ನೂ ಅಲ್ಲೇ ನೆನಪಿಸಲಿ.

ಓದುಗರಿಗೂ ಕೆಲಸವಿದೆ. ಮುಂದಿನ ಬಾರಿ ಗುಳಿಗೆ ಕೈಗೆ ಬಂದಾಗ ನಾಲ್ಕು ಮಾತು ಕೇಳಿ. ಇದು ಆ್ಯಂಟಿಬಯಾಟಿಕ್ಕೇ? ಯಾವ ಸೋಂಕಿಗೆ? ಎಷ್ಟು ದಿನ? ಯಾವುದರ ಜೊತೆ ತೆಗೆದುಕೊಳ್ಳಬಾರದು? ಹೇಳಿದಷ್ಟು ದಿನ ತೆಗೆದುಕೊಳ್ಳಿ, ನಡುವೆ ನಿಲ್ಲಿಸಬೇಡಿ, ನೀವಾಗಿಯೇ ಬೆಳೆಸಲೂ ಬೇಡಿ. ಕಳೆದ ವರ್ಷದ ಚೀಟಿ ಹಿಡಿದು ಮೆಡಿಕಲ್ಲಿಗೆ ಹೋಗಬೇಡಿ. ವೈದ್ಯರು ‘ಆ್ಯಂಟಿಬಯಾಟಿಕ್ ಬೇಡ’ ಎಂದರೆ ಅದನ್ನು ಅಲಕ್ಷ್ಯ ಎಂದುಕೊಳ್ಳದೆ ಚಿಕಿತ್ಸೆ ಎಂದೇ ತಿಳಿಯಿರಿ. ಜ್ವರ ಇಳಿಯದಿದ್ದರೆ, ಉಸಿರಾಟ, ಮೂತ್ರ, ಎಚ್ಚರದಲ್ಲಿ ವ್ಯತ್ಯಾಸ ಕಂಡರೆ ತಡಮಾಡದೆ ಮತ್ತೆ ಆಸ್ಪತ್ರೆಗೆ ಬನ್ನಿ.

ಈ ಪ್ರಶ್ನೆಗಳನ್ನು ಸಾವಿರ ಮಂದಿ ಕೇಳತೊಡಗಿದರೆ ಕಿಟಕಿಯ ಹಿಂದೆ ಕೂತವರು ಉತ್ತರ ಹೇಳಲು ಸಿದ್ಧರಾಗುತ್ತಾರೆ, ಅವರಿಗೆ ಅದಕ್ಕೆ ಬೇಕಾದ ಸಮಯ ಕೊಡುವುದು ಇಲಾಖೆಗೆ ಅನಿವಾರ್ಯವಾಗುತ್ತದೆ. ಹೊಸ ಆ್ಯಂಟಿಬಯಾಟಿಕ್‌ಗಳು ಬರುತ್ತಿರುವುದು ಬಹಳ ಕಡಿಮೆ. ಇರುವುದನ್ನು ಉಳಿಸಿಕೊಳ್ಳುವುದೇ ನಮ್ಮ ಮುಂದಿರುವ ದಾರಿ. ಆ ಕೆಲಸಕ್ಕೆ ಬೇಕಾದ ಓದು ಓದಿದವರು ನಮ್ಮ ಮೂರೂ ಆಸ್ಪತ್ರೆಗಳಲ್ಲಿ ಈಗಾಗಲೇ ಇದ್ದಾರೆ. ಅವರಿಗೆ ವಾರ್ಡಿನ ಬಾಗಿಲು ತೆರೆಯುವ ಒಂದು ಆದೇಶ ಈ ಮಳೆಗಾಲಕ್ಕೆ ಮುಂಚೆ ಹೊರಬರಲಿ.